ಹಬ್ಬದ ಮಾಲಿಗೆ ಚಂದ್ರನ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಕಲಬುರಗಿ, ಬೀದರ್‌ನ ದೊಡ್ಡ ಅಂಗಡಿಗಳು ದೀಪಾವಳಿಗೆ ವಾರಗಟ್ಟಲೆ ಮುಂಚೆಯೇ ಹಣತೆ, ಡ್ರೈಫ್ರೂಟ್ಸ್ ಡಬ್ಬಿ ಜೋಡಿಸುತ್ತವೆ. ರಂಜಾನ್, ಕ್ರಿಸ್‌ಮಸ್, ಬುದ್ಧ ಪೂರ್ಣಿಮೆಯ ಸಾಮಾನು ಕೇಳಿದರೆ ಮಾತ್ರ ‘ಆ ಮಾಲು ನಮ್ಮಲ್ಲಿ ಹೋಗಲ್ಲ’ ಎನ್ನುತ್ತಾರೆ. ಬಂದೇನವಾಜ್ ದರ್ಗಾ, ಬುದ್ಧ ವಿಹಾರ, ನಾನಕ್ ಝೀರಾ ಗುರುದ್ವಾರ ಇರುವ ಸೀಮೆಯಲ್ಲಿ ಗಿರಾಕಿಗೇನು ಬರ? ತರಿಸುವ ಹೊತ್ತು, ತರಿಸುವ ಮಾಲು ಎರಡೂ ತಪ್ಪುತ್ತಿರುವುದರಿಂದ ಅದು ಉಳಿಯುತ್ತಿದೆ.

ಮೊದಲ ತಪ್ಪು ಹೋದ ವರ್ಷದ ತಾರೀಖು ನೋಡಿ ಆರ್ಡರ್ ಕೊಡುವುದು. ರಂಜಾನ್ ಲೆಕ್ಕದ ಚಾಂದ್ರ ವರ್ಷ ಕ್ಯಾಲೆಂಡರ್ ವರ್ಷಕ್ಕಿಂತ ಹತ್ತು-ಹನ್ನೊಂದು ದಿನ ಕಿರಿದು. 2024ರಲ್ಲಿ ಏಪ್ರಿಲ್ 11ಕ್ಕಿದ್ದ ಈದ್-ಉಲ್-ಫಿತ್ರ್ 2025ರಲ್ಲಿ ಮಾರ್ಚ್ 31ಕ್ಕೇ ಬಂತು. 2030ರಲ್ಲಂತೂ ಜನವರಿಯಲ್ಲಿ ಒಂದು, ಡಿಸೆಂಬರ್ ಕೊನೆಗೆ ಇನ್ನೊಂದು ರಂಜಾನ್ ಶುರುವಾಗುತ್ತದೆ. ಹಬ್ಬ ಚಳಿಗಾಲದ ಕಡೆ ಸರಿಯುತ್ತಿರುವಾಗ ಶರಬತ್ತಿನ ಬಾಟಲಿ ಹಿಂದಿನಷ್ಟೇ ತುಂಬಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಖರ್ಜೂರ ಮೊದಲ ರೋಜಾದ (ಉಪವಾಸದ) ಸಂಜೆಯೇ ಬೇಕು. ಶಾವಿಗೆ ಕೊನೆಯ ಹತ್ತು ದಿನದ ಮಾಲು. ಎರಡನ್ನೂ ಒಟ್ಟಿಗೆ ತರಿಸಿದರೆ ದುಡ್ಡು ಸಿಕ್ಕಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ತಗಡಿನ ಗೋಡೌನಿನಲ್ಲಿಟ್ಟ ಖರ್ಜೂರ ಪಾಕ ಬಿಟ್ಟು ಹುಳಿಯುತ್ತದೆ, ಹುಳ ಬೀಳುತ್ತದೆ. ಅರ್ಧ ಮಾತ್ರ ಮೊದಲು ಇಳಿಸಿಕೊಂಡು, ಉಳಿದದ್ದನ್ನು ಮಾರಾಟ ನೋಡಿ ವಾರಕ್ಕೊಮ್ಮೆ ತರಿಸುವುದೇ ಸರಿ. ಶಾವಿಗೆಯಲ್ಲಿ ಇನ್ನೊಂದು ಎಡವಟ್ಟಿದೆ. ಉಪ್ಪಿಟ್ಟಿನ ದಪ್ಪ ಶಾವಿಗೆ ಮೂಟೆಗಟ್ಟಲೆ ಇಟ್ಟರೆ ಈದ್‌ಗೆ ಶೀರ್ ಖುರ್ಮಾ (ಹಾಲು-ಶಾವಿಗೆಯ ಪಾಯಸ) ಮಾಡುವವರು ಕೈ ಹಚ್ಚುವುದಿಲ್ಲ. ಅವರಿಗೆ ಬೇಕಾದದ್ದು ಕೂದಲೆಳೆಯಂಥ ಸಣ್ಣ ಶಾವಿಗೆ. ಲೀಟರ್ ಹಾಲಿಗೆ 50-60 ಗ್ರಾಂ ಸಾಕು, ಐದು ಲೀಟರ್ ಹಾಲು ಕಾಯಿಸುವ ಮನೆಗೆ ಕಾಲು ಕಿಲೋ ಆಯಿತು. ಅದರ ಪಕ್ಕದಲ್ಲೇ ಚಾರೋಳಿ, ಒಣ ಖರ್ಜೂರ, ಗಸಗಸೆ, ಪಿಸ್ತಾ ಸಿಗಬೇಕು; ಚಾರೋಳಿಯೊಂದು ಇಲ್ಲದಿದ್ದರೂ ಇಡೀ ಚೀಟಿ ಬೇರೆ ಅಂಗಡಿಗೆ ಹೋಗುತ್ತದೆ. ಚಾರೋಳಿಯಲ್ಲಿ ಎಣ್ಣೆ ಅಂಶ ಹೆಚ್ಚು, ಬೇಗ ಕಮಟು ಹಿಡಿಯುತ್ತದೆ. 50 ಗ್ರಾಂ ಪೊಟ್ಟಣವೇ ಲೇಸು. ಟೋಪಿ, ಅತ್ತರು, ಸುರುಮಾ ಮಾತ್ರ ಮುಸ್ಲಿಂ ಚೌಕ್‌ನಂಥ ಕಡೆ ವರ್ಷವಿಡೀ ಮಾರುವ ಸಣ್ಣವರಿಂದಲೇ ಕೊಂಡು ಇಡಲಿ. ಅವರ ಹೊಟ್ಟೆಯ ಮೇಲೆ ಹೊಡೆಯುವ ವ್ಯಾಪಾರ ಬೇಡ.

ಕ್ರಿಸ್‌ಮಸ್ ತಾರೀಖು ಕದಲುವುದಿಲ್ಲ, ಆದರೂ ನಕ್ಷತ್ರದ ಗೂಡು ಅಂಗಡಿಗೆ ಬರುವುದು ಡಿಸೆಂಬರ್ 20ರ ಮೇಲೆ! ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಅಷ್ಟರಲ್ಲಿ ಬೇಕಾದವರು ಹೈದರಾಬಾದಿನಿಂದ ತಂದಿರುತ್ತಾರೆ. ಕಾಗದದ ಗೂಡಿನ ಜೊತೆ ಹೋಲ್ಡರ್, ವೈರು, 5 ವ್ಯಾಟಿನ ಎಲ್‌ಇಡಿ ಬಲ್ಬು ಕೊಡಿ. ಹಳೆಯ 60 ವ್ಯಾಟಿನ ಬಲ್ಬು ಹಾಕಿದರೆ ಕಾಗದ ಕಂದಿ ಹೊತ್ತಿಕೊಳ್ಳುವ ಅಪಾಯವಿದೆ.

ಬುದ್ಧ ಪೂರ್ಣಿಮೆಗೆ ಬೇಕಾಗುವ ಪಂಚಶೀಲ ಧ್ವಜದಲ್ಲಿ (ಬೌದ್ಧರ ಬಾವುಟ) ನೀಲಿ, ಹಳದಿ, ಕೆಂಪು, ಬಿಳಿ, ಕೇಸರಿ ಬಣ್ಣದ, ಮೇಲಿಂದ ಕೆಳಕ್ಕೆ ಉದ್ದುದ್ದ ಪಟ್ಟಿಗಳು ಇದೇ ಸಾಲಿನಲ್ಲಿರಬೇಕು. ಆರನೆಯ ಪಟ್ಟಿಯಲ್ಲಿ ಆ ಐದೂ ಬಣ್ಣ ಅಡ್ಡಡ್ಡ ಬರಬೇಕು. ಅಗ್ಗಕ್ಕೆ ಸಿಕ್ಕಿತೆಂದು ಆರನೆಯದಿಲ್ಲದ ಬಟ್ಟೆ ತಂದರೆ ಅದು ಧ್ವಜವೇ ಅಲ್ಲ. ಬಂಡಲ್ ಬಿಚ್ಚಿ ನೋಡಿಯೇ ದುಡ್ಡು ಕೊಡಬೇಕು. ಗುರುನಾನಕ್ ಜಯಂತಿ ಕಾರ್ತಿಕ ಹುಣ್ಣಿಮೆಗೆ, ದೀಪಾವಳಿ ಅಮಾವಾಸ್ಯೆಯಾದ ಹದಿನೈದು ದಿನಕ್ಕೆ. ಉಳಿದ ದೀಪ, ಸೀರಿಯಲ್ ಲೈಟುಗಳನ್ನು ಮೂಟೆ ಕಟ್ಟುವ ಅವಸರ ಬೇಡ.

ಮೊಹರಂ ಬಗ್ಗೆ ಇನ್ನಷ್ಟು ಜಾಗ್ರತೆ ಬೇಕು. ನಮ್ಮ ಹಳ್ಳಿಗಳಲ್ಲಿ ಪೀರ ದೇವರಿಗೆ ಸಕ್ಕರೆ ಓದಿಸುವವರಲ್ಲಿ, ಲಾಡಿ (ಹರಕೆಯ ದಾರ) ಹಾಕಿಕೊಳ್ಳುವವರಲ್ಲಿ ಹಿಂದೂಗಳೂ ಬಹಳ. ಹಾಗಾಗಿ ‘ಅಲ್ಪಸಂಖ್ಯಾತರ ಹಬ್ಬ’ ಎಂದು ಮಾಲು ಅಲ್ಪ ತರಿಸಬೇಡಿ. ಲಾಡಿ, ಊದು, ಲೋಬಾನ, ಸಕ್ಕರೆ ಧಾರಾಳವಾಗಿರಲಿ. ಆದರೆ ಮೊಹರಂ, ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನ್ ಹುತಾತ್ಮರಾದ ಕರ್ಬಲಾದ ಶೋಕದ ದಿನ, ಗುಡ್ ಫ್ರೈಡೆ ಯೇಸು ಶಿಲುಬೆಗೇರಿದ ದಿನ. ಅವೆರಡಕ್ಕೂ ‘ಹಾರ್ದಿಕ ಶುಭಾಶಯ, ವಿಶೇಷ ರಿಯಾಯಿತಿ’ ಎಂಬ ಬ್ಯಾನರ್ ಕಟ್ಟುವುದನ್ನು ಅಂಗಡಿಯವರು ದಯವಿಟ್ಟು ನಿಲ್ಲಿಸಲಿ.

– ಕಿರಾಣಿ ವ್ಯಾಪಾರಿಗಳು, ಕಲಬುರಗಿ