ಮಗಳಿಗೊಂದು ಪತ್ರ: ಲಡ್ಲೋ ಎಂಬ ಸಂತೆಯ ಊರು

ಚಿ. ಶ್ರುತಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ರಜೆ ಸಿಗದೆ ನೀನು ನಮ್ಮೊಡನೆ ಲಡ್ಲೋಗೆ ಬರಲಾಗಲಿಲ್ಲ. ಮುಂದೊಮ್ಮೆ ಗೆಳತಿಯರ ಜೊತೆ ಹೋಗುವುದಾಗಿ ಫೋನಿನಲ್ಲಿ ಹೇಳಿದೆಯಾದ್ದರಿಂದ, ಆ ಊರನ್ನು ಹೇಗೆ ನೋಡಿದರೆ ಚೆಂದವೆಂಬುದನ್ನು ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ, ವೇಲ್ಸ್ ಗಡಿಗೆ ಸಮೀಪದಲ್ಲಿರುವ ಇದು ಸುಮಾರು 10,000 ಜನರ ಊರು. ಮ್ಯಾಂಚೆಸ್ಟರ್‌ನಿಂದ ಕಾರ್ಡಿಫ್ ಕಡೆಗೆ ಹೋಗುವ ರೈಲಿನಲ್ಲಿ ಕುಳಿತರೆ ಶ್ರೂಸ್‌ಬರಿ ದಾಟಿದ ಮೇಲೆ ಸಿಗುತ್ತದೆ. ಬಂದವರು ಸಾಮಾನ್ಯವಾಗಿ ನೇರವಾಗಿ ಕೋಟೆಗೆ ಹೋಗಿಬಿಡುತ್ತಾರೆ. 11ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಕಟ್ಟತೊಡಗಿದ, ದೊರೆ ಎಂಟನೇ ಹೆನ್ರಿಯ ಅಣ್ಣ ಆರ್ಥರ್ 1502ರಲ್ಲಿ ತೀರಿಕೊಂಡ ಆ ಕೋಟೆ ನೋಡತಕ್ಕದ್ದೇ. ಆದರೆ ಊರು ಅರ್ಥವಾಗುವುದು ಕೋಟೆಯ ಬಾಗಿಲಿನ ಹೊರಗೆ, ಸಂತೆ ನೆರೆಯುವ ಬಯಲಿನಲ್ಲಿ ಎಂಬುದು ನನ್ನ ಅಭಿಪ್ರಾಯ.

ಮೊದಲು ಕೋಟೆಯ ಬಾಗಿಲಿನಿಂದ ಬುಲ್‌ರಿಂಗ್ ಎಂಬ ಜಾಗದವರೆಗೂ ಒಂದೇ ಅಗಲವಾದ ಸಂತೆಬೀದಿಯಿತ್ತು. ತಳ್ಳುಗಾಡಿ ತಗಡಿನ ಅಂಗಡಿಯಾಗಿ, ತಗಡಿನ ಅಂಗಡಿ ಗೋಡೆ ಕಟ್ಟಿಕೊಂಡು ಕಾಯಂ ಆಗುವುದನ್ನು ನೀನು ನಮ್ಮ ಪೇಟೆಯಲ್ಲಿ ನೋಡುತ್ತಲೇ ಬೆಳೆದವಳು. ಅಲ್ಲಿ ನಡೆದದ್ದೂ ಅದೇ. ಮಧ್ಯಯುಗದ ವರ್ತಕರು ಬೀದಿಯ ನಡುವೆ ಹಾಕಿಕೊಂಡ ತಾತ್ಕಾಲಿಕ ಮಳಿಗೆಗಳು ತಲೆಮಾರಿನಿಂದ ತಲೆಮಾರಿಗೆ ಮನೆಗಳಾಗಿ ನಿಂತು, ಒಂದು ಬೀದಿ ಒಡೆದು ಹೈ ಸ್ಟ್ರೀಟ್, ಮಾರ್ಕೆಟ್ ಸ್ಟ್ರೀಟ್, ಹಾರ್ಪ್ ಲೇನ್ ಮುಂತಾದ ಇಕ್ಕಟ್ಟಾದ ದಾರಿಗಳಾದವು. ಕೋಟೆಯ ಮುಂದೆ ಉಳಿದಿದ್ದ ಜಾಗದಲ್ಲೂ 1887ರ ಸುಮಾರಿಗೆ ಕೆಂಪು ಇಟ್ಟಿಗೆಯ ಟೌನ್‌ಹಾಲ್ ಎದ್ದಿತ್ತು. 1986ರಲ್ಲಿ ಅದನ್ನು ಕೆಡವಿದ್ದರಿಂದ ಸಂತೆಗೆ ಮತ್ತೆ ಆಕಾಶ ಸಿಕ್ಕಿತು. ಒತ್ತುವರಿಗೆ ಐತಿಹಾಸಿಕ ಕಟ್ಟಡದ ಮರ್ಯಾದೆ ಸಿಗಲು ಎಷ್ಟು ಶತಮಾನ ಬೇಕೆಂದು ನಿನ್ನ ಅಮ್ಮ ಕೇಳಿದಳು, ನನ್ನಲ್ಲಿ ಉತ್ತರವಿರಲಿಲ್ಲ.

ಬಟರ್‌ಕ್ರಾಸ್ ಎಂಬ ಕಮಾನಿನ ಕಟ್ಟಡ 1740ರ ದಶಕದ್ದು. ಅದರ ಕೆಳಗೆ ಬೆಣ್ಣೆ ಮಾರುತ್ತಿದ್ದರು. ಅದರ ಹಿಂದಿನ ಸಂದಿಯಲ್ಲಿ ಸೇಂಟ್ ಲಾರೆನ್ಸ್ ಚರ್ಚ್ ಇದೆ. ಅಲ್ಲಿ ಗಾಯಕರು ಕೂರುವ ಮರದ ಆಸನಗಳನ್ನು ಮಡಚಿ ಎತ್ತಿದರೆ, ದೀರ್ಘ ಪ್ರಾರ್ಥನೆಯಲ್ಲಿ ನಿಂತು ದಣಿದವರು ಮೆಲ್ಲನೆ ಒರಗಲೆಂದು ಮಾಡಿದ ಚಿಕ್ಕ ಆಸರೆಗಳು ಕಾಣುತ್ತವೆ. ಅವುಗಳ ಕೆಳಗೆಲ್ಲ ಕೆತ್ತನೆ. ಒಂದರಲ್ಲಿ ಅಳತೆಯಲ್ಲಿ ಮೋಸ ಮಾಡಿದ ಬಿಯರ್ ಮಾರುವ ಹೆಂಗಸನ್ನು ದೆವ್ವವೊಂದು ಬೆನ್ನಿನ ಮೇಲೆ ಹೊತ್ತು ನರಕದ ಬಾಯಿಗೆ ಒಯ್ಯುತ್ತಿದೆ. ಅವಳ ಮೈಮೇಲೆ ಬಟ್ಟೆಯಿಲ್ಲ, ತಲೆಯ ಮೇಲಿನ ಅಲಂಕಾರ ಮಾತ್ರ ಕೆಟ್ಟಿಲ್ಲ, ಕೈಯಲ್ಲಿ ಅದೇ ಕಳ್ಳ ಅಳತೆಯ ಪಾತ್ರೆ. ಪಕ್ಕದಲ್ಲಿ ಇನ್ನೊಂದು ದೆವ್ವ ಅವಳ ಪಾಪಗಳ ಪಟ್ಟಿಯನ್ನು ಓದುತ್ತಿದೆ. ಸಂತೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಈ ಕೆತ್ತನೆಯನ್ನಿಟ್ಟವನು ತನ್ನ ಊರಿನವರನ್ನು ಚೆನ್ನಾಗಿ ಬಲ್ಲವನೇ ಇರಬೇಕು.

ಬಟರ್‌ಕ್ರಾಸ್‌ನಿಂದ ಟೀಮ್ ನದಿಯ ಕಡೆಗೆ ಇಳಿಯುವ ಬ್ರಾಡ್ ಸ್ಟ್ರೀಟ್‌ನಲ್ಲಿ ಅವಸರ ಮಾಡಬೇಡ. ನೇರವಾದ ಇಟ್ಟಿಗೆಯ ಮುಖಗಳ ಹಿಂದೆ ಎಷ್ಟೋ ಕಡೆ ಹಳೆಯ ಮರದ ಚೌಕಟ್ಟಿನ ಮನೆಗಳೇ ಅಡಗಿವೆ. ಕಪ್ಪು-ಬಿಳುಪಿನ ಮರಗೆಲಸದ ಫೆದರ್ಸ್ ಹೋಟೆಲಿನ ಮುಂಭಾಗ 1619ರದು; ಅದರ ಎದುರು ಫೋಟೊಗೆ ಜನ ಯಾವಾಗಲೂ ಇರುತ್ತಾರೆ.

ಸಂಜೆ ಐದರ ಹೊತ್ತಿಗೆ ಬಹುತೇಕ ಅಂಗಡಿಗಳು ಮುಚ್ಚುತ್ತವೆ. ಹಣ್ಣು, ಚೀಸ್, ಬ್ರೆಡ್ಡನ್ನು ಅದಕ್ಕೆ ಮೊದಲೇ ಕೊಂಡಿಟ್ಟುಕೊಳ್ಳಿ. ಫಿಜೆಟ್ ಪೈ ಎಂಬ ಅಲ್ಲಿನ ತಿನಿಸಿನಲ್ಲಿ ಸೇಬಿನ ಜೊತೆ ಹಂದಿಮಾಂಸವೂ ಇರುತ್ತದೆ, ಕೇಳಿ ತಿನ್ನು. ಸೋಮ, ಬುಧ, ಶುಕ್ರ ಮತ್ತು ಶನಿವಾರ ಸಂತೆಯ ದಿನಗಳು. ನಿನಗೆ ಶುಕ್ರವಾರ ರಜೆ ಸಿಕ್ಕರೆ ಅಂದೇ ಹೋಗಿ ಒಂದು ರಾತ್ರಿ ಉಳಿದುಕೋ, ಎರಡು ಸಂತೆ ಸಿಗುತ್ತವೆ.

ಇಂತಿ,
ನಿನ್ನ ಅಪ್ಪ