ಬ್ಯಾಗ್‌ಲೆಸ್ ವ್ಯಾಕ್ಯೂಮ್ ಕ್ಲೀನರ್ ಇರುವ ಗ್ರಾಹಕರಿಗೆ: ವರ್ಷದ ಸರ್ವಿಸ್ ಕಾಂಟ್ರ್ಯಾಕ್ಟ್ ನಿಲ್ಲಿಸುತ್ತಿದ್ದೇವೆ

ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ಬ್ಯಾಗ್‌ಲೆಸ್ ಅಪ್‌ರೈಟ್ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ, ಅಂದರೆ ಧೂಳಿಗೆ ಚೀಲದ ಬದಲು ಡಬ್ಬಿ ಇರುವ, ಹಿಡಿಕೆ ಹಿಡಿದು ನಿಂತು ತಳ್ಳುವ ಯಂತ್ರಗಳಿಗೆ, ನಾವು ಕೊಡುತ್ತಿದ್ದ ವರ್ಷದ ಸರ್ವಿಸ್ ಕಾಂಟ್ರ್ಯಾಕ್ಟ್ ಮುಂದಿನ ತಿಂಗಳಿನಿಂದ ಇರುವುದಿಲ್ಲ. ಹೊಸದಾಗಿ ಬರೆಸಿಕೊಳ್ಳುವುದೂ ಇಲ್ಲ, ಹಳೆಯದನ್ನು ಮುಂದುವರಿಸುವುದೂ ಇಲ್ಲ. ಈಗಾಗಲೇ ದುಡ್ಡು ಕಟ್ಟಿದವರು ಗಾಬರಿ ಆಗಬೇಡಿ, ನಿಮ್ಮ ಅವಧಿ ಮುಗಿಯುವವರೆಗೆ ಎಲ್ಲವೂ ಹಿಂದಿನ ಹಾಗೇ ನಡೆಯುತ್ತದೆ. ಬ್ಯಾಗ್ ಇರುವ ಯಂತ್ರಗಳ ಕಾಂಟ್ರ್ಯಾಕ್ಟ್‌ಗೂ ಇದಕ್ಕೂ ಸಂಬಂಧ ಇಲ್ಲ, ಅದು ಇದ್ದೇ ಇರುತ್ತದೆ.

ಹಾಗಾದರೆ ಇನ್ನು ಮುಂದೆ ಏನು? ನಿಮ್ಮ ಮಾಡೆಲ್‌ಗೆ ಹೊಂದುವ ಒಂದು ಸಣ್ಣ ಕಿಟ್ ಕೊಡುತ್ತೇವೆ. ಅದರಲ್ಲಿ ತೊಳೆಯಬಹುದಾದ ಇನ್ನೊಂದು ಫಿಲ್ಟರ್, ನೆಲ ಉಜ್ಜುತ್ತಾ ತಿರುಗುವ ಬ್ರಷ್ ರೋಲರ್‌ನ ಬೆಲ್ಟ್, ಧೂಳಿನ ಡಬ್ಬಿಯ ರಬ್ಬರ್ ಸೀಲ್ ಇರುತ್ತದೆ. ಮೊದಲ ಸಲ ತೆಗೆದುಕೊಳ್ಳುವಾಗ ನಿಮ್ಮ ಯಂತ್ರವನ್ನು ಕೌಂಟರ್ ಮೇಲೇ ಬಿಚ್ಚಿ, ಯಾವುದು ಎಲ್ಲಿ ಕೂರುತ್ತದೆ ಅಂತ ತೋರಿಸಿ, ನಿಮ್ಮ ಕೈಯಿಂದಲೇ ಒಂದು ಸಲ ಮಾಡಿಸುತ್ತೇವೆ. ಆಮೇಲೆ ರಿಪೇರಿಗೆ ತಂದರೆ ಮಾಡಿದ ಕೆಲಸಕ್ಕೆ ಮಾತ್ರ ಬಿಲ್. ನೋಡಿ ಏನಾಗಿದೆ ಅಂತ ಹೇಳುವುದಕ್ಕೆ ದುಡ್ಡಿಲ್ಲ.

ಕಾರಣ ಹೇಳದೆ ನಿಲ್ಲಿಸಿದರೆ ಯಾರಿಗಾದರೂ ಬೇಸರ ಆಗುತ್ತದೆ, ಹಾಗಾಗಿ ಪತ್ರ ಸ್ವಲ್ಪ ಉದ್ದವಾಗಿದೆ.

ಈ ಯಂತ್ರಗಳಲ್ಲಿ ಕೆಡುವ ಭಾಗಗಳು ವರ್ಷಕ್ಕೊಂದು ಸಲದ ಲೆಕ್ಕಕ್ಕೆ ಸಿಗುವುದಿಲ್ಲ. ಫಿಲ್ಟರ್ ತಿಂಗಳಿಗೋ ಎರಡು ತಿಂಗಳಿಗೋ ಕಟ್ಟಿಕೊಳ್ಳುತ್ತದೆ. ಉದ್ದ ಕೂದಲಿನವರೋ ನಾಯಿ ಬೆಕ್ಕೋ ಇರುವ ಮನೆಯಲ್ಲಿ ರೋಲರ್‌ಗೆ ವಾರದಲ್ಲೇ ಕೂದಲು ಸುತ್ತಿರುತ್ತದೆ. ವರ್ಷಕ್ಕೊಮ್ಮೆ ನಾವು ತೊಳೆದು ಒರೆಸಿ ಕೊಟ್ಟರೆ ಕೆಲವು ವಾರ ಚೆನ್ನಾಗಿ ಎಳೆಯುತ್ತದೆ, ಉಳಿದ ತಿಂಗಳೆಲ್ಲ ಮೋಟಾರ್ ಉಸಿರು ಕಟ್ಟಿಕೊಂಡೇ ಓಡುತ್ತದೆ. ಕಾಂಟ್ರ್ಯಾಕ್ಟ್ ಇದೆಯಲ್ಲ, ಅವರು ನೋಡಿಕೊಳ್ಳುತ್ತಾರೆ ಬಿಡು ಅಂತ ಡಬ್ಬಿ ಖಾಲಿ ಮಾಡುವುದು ಬಿಟ್ಟು ಬೇರೇನನ್ನೂ ಮುಟ್ಟದವರೇ ಜಾಸ್ತಿ. ಅವರ ತಪ್ಪು ಅನ್ನುವುದಕ್ಕೂ ಆಗುವುದಿಲ್ಲ, ಕಾಂಟ್ರ್ಯಾಕ್ಟ್ ಅಂದ ಮೇಲೆ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಇದು ಯಾಕೆ ಹೀಗೆ ಅಂತ ಗೊತ್ತಾಗಬೇಕಾದರೆ ಬ್ಯಾಗ್ ಏನು ಮಾಡುತ್ತಿತ್ತು ಅಂತ ನೋಡಬೇಕು. ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅನ್ನುವವರು 1908ರಲ್ಲಿ ಪೇಟೆಂಟ್ ಪಡೆದ ಅಪ್‌ರೈಟ್ ಯಂತ್ರದಲ್ಲಿ ಧೂಳು ಹೋಗಿ ಸೇರುತ್ತಿದ್ದದ್ದು ಬಟ್ಟೆಯ ಚೀಲಕ್ಕೆ. ಅವರು ಮೊದಲು ಮಾಡಿಕೊಂಡ ಯಂತ್ರಕ್ಕಂತೂ ದಿಂಬಿನ ಕವರನ್ನೇ ಕಟ್ಟಿದ್ದರು. ಮುಂದೆ ಕಾಗದದ ಬ್ಯಾಗ್ ಬಂತು. ಬ್ಯಾಗ್ ಅಂದರೆ ಬರೀ ಕಸದ ಚೀಲ ಅಲ್ಲ, ಅದೇ ದೊಡ್ಡ ಫಿಲ್ಟರ್ ಕೂಡ. ತುಂಬಿದಾಗ ಬಿಸಾಡಿ ಹೊಸದು ಹಾಕಿದರೆ ಯಂತ್ರಕ್ಕೆ ಹೊಸ ಫಿಲ್ಟರ್ ಸಿಕ್ಕ ಹಾಗೆ. ಬ್ಯಾಗ್ ತುಂಬುತ್ತಾ ಹೋದಂತೆ ಎಳೆತ ಕಮ್ಮಿ ಆಗುತ್ತಿತ್ತು, ಅದೇ ಎಲ್ಲರ ದೂರು. ಮರ ಕೊಯ್ಯುವ ಮಿಲ್‌ಗಳಲ್ಲಿ ಹೊಟ್ಟನ್ನು ಗಾಳಿಯಿಂದ ಬೇರೆ ಮಾಡುವ ಸೈಕ್ಲೋನ್ ಇರುತ್ತದಲ್ಲ, ಅದನ್ನೇ ಸಣ್ಣದು ಮಾಡಿ ಮನೆಯ ಯಂತ್ರದೊಳಗೆ ಕೂರಿಸಲು ಜೇಮ್ಸ್ ಡೈಸನ್ 5,127 ಮಾದರಿ ಮಾಡಿ ನೋಡಿದರು ಅನ್ನುವುದು ತುಂಬಾ ಜನಕ್ಕೆ ಗೊತ್ತಿರುವ ಕಥೆ. ಬ್ಯಾಗ್ ಬೇಡದ ಅವರ ಯಂತ್ರ ಡಿಸಿ01 ಮಾರುಕಟ್ಟೆಗೆ ಬಂದದ್ದು 1993ರಲ್ಲಿ. ಈಗ ಬ್ಯಾಗ್‌ಲೆಸ್ ಯಂತ್ರವನ್ನು ತುಂಬಾ ಕಂಪನಿಯವರು ಮಾಡುತ್ತಾರೆ.

ಸೈಕ್ಲೋನ್ ಕೆಲಸ ಮಾಡುವುದು ಸರಳ. ಗಾಳಿ ಡಬ್ಬಿಯೊಳಗೆ ಗಿರಗಿರ ಸುತ್ತುತ್ತದೆ, ಭಾರದ ಕಸ ಹೊರಗೋಡೆಗೆ ಬಡಿದು ಕೆಳಗೆ ಬೀಳುತ್ತದೆ. ಕೂದಲು, ಮರಳು, ನೂಲು, ಚೂರುಪಾರು ಎಲ್ಲ ಅಲ್ಲೇ ನಿಲ್ಲುತ್ತದೆ. ತೀರಾ ನುಣ್ಣನೆಯ ಧೂಳು ಮಾತ್ರ ಗಾಳಿಯ ಜೊತೆ ಮುಂದೆ ಹೋಗುತ್ತದೆ. ಅದನ್ನು ತಡೆಯುವುದು ಮೋಟಾರ್‌ಗಿಂತ ಮೊದಲು ಇರುವ ಸ್ಪಂಜಿನ ಅಥವಾ ಫೆಲ್ಟ್ ಫಿಲ್ಟರ್. ಈ ಫಿಲ್ಟರ್ ದಾಟಿ ಬಂದ ಗಾಳಿಯೇ ಸಾಮಾನ್ಯವಾಗಿ ಮೋಟಾರನ್ನು ತಣ್ಣಗೆ ಇಡುವುದು. ಎಷ್ಟು ಬಿಸಿ ಆಗುತ್ತದೆ ಅನ್ನುವುದು ಎಷ್ಟು ಗಾಳಿ ಬರುತ್ತಿದೆ ಅನ್ನುವುದರ ಮೇಲೆ ನಿಂತಿದೆ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಮ್ಮಿ, ಗಾಳಿ ಕಮ್ಮಿಯಾದರೆ ಮೋಟಾರ್ ಬಿಸಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಾಳಿ ಕಟ್ಟಿಕೊಂಡಾಗ ಮೋಟಾರ್ ಸದ್ದು ಸಣ್ಣದಾಗುವುದಿಲ್ಲ, ಇನ್ನೂ ಕೀರಲಾಗುತ್ತದೆ. ತಳ್ಳಲು ಗಾಳಿ ಇಲ್ಲದೆ ಮೋಟಾರ್ ಮೇಲಿನ ಭಾರ ಇಳಿಯುತ್ತದೆ, ಹಾಗಾಗಿ ಜೋರಾಗಿ ತಿರುಗುತ್ತದೆ. ಹೋಸ್ ಬಾಯಿಗೆ ಅಂಗೈ ಅಡ್ಡ ಇಟ್ಟು ನೋಡಿ, ಸದ್ದು ಏರುವುದು ಕೇಳಿಸುತ್ತದೆ. "ಏನು ಪವರ್ ಇದೆ ನೋಡಿ, ಹೊಸದಿದ್ದಾಗಲೂ ಇಷ್ಟು ಸದ್ದು ಇರಲಿಲ್ಲ" ಅಂತ ಹೆಮ್ಮೆಯಿಂದ ತಂದು ತೋರಿಸಿದವರು ಇದ್ದಾರೆ! ನೆಲದ ಮೇಲೆ ಓಡಿಸುವಾಗಲೂ ಆ ಕೀರಲು ಸದ್ದು ಬರುತ್ತಿದ್ದರೆ ಎಲ್ಲೋ ಗಾಳಿ ಸಿಕ್ಕಿಹಾಕಿಕೊಂಡಿದೆ ಅಂತಲೇ ಅರ್ಥ. ಇನ್ನೂ ಬಿಸಿಯಾದರೆ ಯಂತ್ರ ತಾನಾಗಿಯೇ ಆಫ್ ಆಗುತ್ತದೆ, ಅದು ಒಳಗಿರುವ ಥರ್ಮಲ್ ಕಟ್‌ಔಟ್. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಆನ್ ಆಗುತ್ತದೆ, ಆದರೆ ಆನ್ ಆಯಿತಲ್ಲ ಅಂತ ಮತ್ತೆ ಓಡಿಸುವುದಲ್ಲ. ಪ್ಲಗ್ ತೆಗೆದು, ಫಿಲ್ಟರ್ ನೋಡಿ, ಹೋಸ್ ಒಳಗೆ ಕಸ ಸಿಕ್ಕಿದೆಯಾ ನೋಡಿ, ಆಮೇಲೆ ಓಡಿಸಿ.

ಕಿಟ್‌ನಲ್ಲಿ ಎರಡನೇ ಫಿಲ್ಟರ್ ಯಾಕೆ ಅಂತ ಕೇಳುತ್ತೀರಿ. ಹಸಿ ಫಿಲ್ಟರ್‌ನಿಂದಾಗಿ. ತೊಳೆದ ಫಿಲ್ಟರ್ ಪೂರ್ತಿ ಒಣಗಲು ಕಮ್ಮಿ ಅಂದರೂ 24 ಗಂಟೆ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಹಾಕಿಬಿಡುತ್ತಾರೆ. ಸ್ಪಂಜಿನ ಹೊಟ್ಟೆಯಲ್ಲಿ ನೀರು ಇರುತ್ತದೆ, ನುಣ್ಣನೆಯ ಧೂಳು ಬಂದು ಅದಕ್ಕೆ ಅಂಟಿ ಕೆಸರಾಗುತ್ತದೆ, ಆಮೇಲೆ ಅದು ಗಟ್ಟಿಯಾಗಿ ಕೂತರೆ ಎಷ್ಟು ತೊಳೆದರೂ ಬಿಡುವುದಿಲ್ಲ. ಮುಗ್ಗಲು ವಾಸನೆ ಬೇರೆ. ಯಂತ್ರ ಆನ್ ಮಾಡಿದ ಕೂಡಲೇ ಮನೆಯೆಲ್ಲ ಒದ್ದೆ ಬಟ್ಟೆಯ ವಾಸನೆ ಬರುತ್ತದೆ ಅಂತ ದೂರು ತಂದವರ ಯಂತ್ರ ಬಿಚ್ಚಿದರೆ ಬಹಳ ಸಲ ಕಾಣುವುದು ಇದೇ. ಎರಡು ಫಿಲ್ಟರ್ ಇದ್ದರೆ ಒಂದು ಒಣಗುತ್ತಿರುವಾಗ ಇನ್ನೊಂದು ಯಂತ್ರದಲ್ಲಿ, ಅವಸರವೇ ಇಲ್ಲ. ತಣ್ಣೀರಿನಲ್ಲಿ, ನೀರು ತಿಳಿಯಾಗಿ ಬರುವವರೆಗೆ ಹಿಂಡಿ ಹಿಂಡಿ ತೊಳೆಯಿರಿ. ಸೋಪು ಬೇಡ, ವಾಷಿಂಗ್ ಮೆಷಿನ್ ಬೇಡ, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ. ಗಾಳಿ ಹೊರಗೆ ಹೋಗುವ ಕಡೆ ಇರುವ, ತೀರಾ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಬೇರೆ, ಅದನ್ನು ಕೆಲವು ಮಾಡೆಲ್‌ಗಳಲ್ಲಿ ತೊಳೆಯಬಹುದು, ಕೆಲವದರಲ್ಲಿ ತೊಳೆದರೆ ಹಾಳು. ನಿಮ್ಮದು ಯಾವುದು ಅಂತ ಕಿಟ್ ಮೇಲೆ ಬರೆದು ಕೊಡುತ್ತೇವೆ.

ಇನ್ನು ರೋಲರ್. ಇದನ್ನು ಬಿಚ್ಚಿ ತೋರಿಸಿದಾಗ ಎಲ್ಲರೂ ಬೆಚ್ಚಿಬೀಳುತ್ತಾರೆ. ನಡುವೆ ಸುತ್ತಿದ ಕೂದಲು ಕಣ್ಣಿಗೆ ಕಾಣುತ್ತದೆ, ಅದನ್ನು ಕತ್ತರಿಯಿಂದ ಕತ್ತರಿಸಿ ತೆಗೆಯುತ್ತಾರೆ. ಅಸಲಿ ತೊಂದರೆ ಎರಡು ತುದಿಯಲ್ಲಿ. ಕೂದಲು ಮೆಲ್ಲಗೆ ಸರಿದು ತುದಿಯ ಮುಚ್ಚಳದೊಳಗೆ ಹೋಗಿ, ಬೇರಿಂಗ್ ಸುತ್ತ ಹಗ್ಗದ ಹಾಗೆ ಬಿಗಿಯುತ್ತದೆ. ಬೇರಿಂಗ್ ತಿರುಗಲು ಒದ್ದಾಡುತ್ತದೆ, ಬಿಸಿಯಾಗುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗಿ ಕರಗುತ್ತದೆ. ಕೊನೆಗೆ ಕೂದಲು, ಗ್ರೀಸ್, ಕರಗಿದ ಪ್ಲಾಸ್ಟಿಕ್ ಎಲ್ಲ ಸೇರಿ ಒಂದು ಕಪ್ಪು ಉಂಗುರ ಕೂತಿರುತ್ತದೆ, ಅದನ್ನು ಇಕ್ಕಳದಿಂದ ಮುರಿದೇ ತೆಗೆಯಬೇಕು. ಅಷ್ಟರಲ್ಲಿ ಬೆಲ್ಟ್ ಕೂಡ ಹೋಗಿರುತ್ತದೆ. ತಿಂಗಳಿಗೊಮ್ಮೆ ತುದಿಯ ಮುಚ್ಚಳ ತೆಗೆದು ಕೂದಲು ಎಳೆದು ಹಾಕಿದರೆ ಇದ್ಯಾವುದೂ ಆಗುವುದಿಲ್ಲ. ರೋಲರನ್ನು ಬೆರಳಿನಿಂದ ತಿರುಗಿಸಿ ಬಿಟ್ಟರೆ ಒಂದೆರಡು ಸುತ್ತು ತಾನೇ ತಿರುಗಬೇಕು, ಅಲ್ಲೇ ನಿಂತುಬಿಟ್ಟರೆ ಬೇರಿಂಗ್ ನೋಡುವ ಕಾಲ ಬಂದಿದೆ.

ಬೆಲ್ಟ್ ವಿಷಯ ಬೇಗ ಮುಗಿಸುತ್ತೇವೆ. ಚಪ್ಪಟೆ ರಬ್ಬರ್ ಬೆಲ್ಟ್ ತುಂಡಾಗುವ ಮೊದಲೇ ಹಿಗ್ಗಿ ಸಡಿಲವಾಗುತ್ತದೆ. ರೋಲರ್ ಬರೀ ನೆಲದ ಮೇಲೆ ತಿರುಗುತ್ತಿರುತ್ತದೆ, ಕಾರ್ಪೆಟ್ ಮೇಲೆ ಇಟ್ಟ ಕೂಡಲೇ ನಿಲ್ಲುತ್ತದೆ. ಹಾಗೆ ಆದರೆ ಬದಲಾಯಿಸಿ. ಹಲ್ಲು ಇರುವ ಬೆಲ್ಟ್ ಆದರೆ ಜಾಸ್ತಿ ಬಾಳುತ್ತದೆ.

ಕಿಟ್ ಇದ್ದರೂ ಯಂತ್ರವನ್ನು ಉಳಿಸಲಾಗದ ಒಂದು ಸಂಗತಿ ಇದೆ. ಗೋಡೆ ಉಜ್ಜಿದ ಪುಡಿ, ಸಿಮೆಂಟ್, ಒಲೆ ಬೂದಿ. ಇವು ಎಷ್ಟು ನುಣ್ಣಗಿರುತ್ತವೆ ಅಂದರೆ ಸೈಕ್ಲೋನ್‌ನಿಂದ ಪೂರ್ತಿ ಬೇರೆಯಾಗುವುದಿಲ್ಲ, ನೇರವಾಗಿ ಫಿಲ್ಟರ್‌ಗೆ ಬಡಿದು ಕೆಲವೇ ನಿಮಿಷದಲ್ಲಿ ಗಾರೆ ಮೆತ್ತಿದಂತೆ ಮುಚ್ಚಿಬಿಡುತ್ತವೆ. ಮನೆ ರಿಪೇರಿ ಆದ ಮೇಲೆ ಇದರಲ್ಲೇ ಒಂದು ಸಲ ಎಳೆದುಬಿಡೋಣ ಅಂತ ಮಾಡಿದ ಯಂತ್ರಗಳೇ ನಮ್ಮಲ್ಲಿಗೆ ಸುಟ್ಟ ಮೋಟಾರ್ ಜೊತೆ ಬರುವುದು. ಅದಕ್ಕೆ ಬೇರೆ ಕೆಲಸದ ವ್ಯಾಕ್ಯೂಮ್ ಇರುತ್ತದೆ, ಬಾಡಿಗೆಗೆ ತನ್ನಿ. ನಿಗಿನಿಗಿ ಬೂದಿ ಮಾತ್ರ ಯಾವುದಕ್ಕೂ ಹಾಕಬೇಡಿ.

ಒಂದು ಯಂತ್ರ ಎಷ್ಟು ವರ್ಷ ಬಾಳಿಕೆ ಬರಬೇಕು ಅಂತ ತುಂಬಾ ಜನ ಕೇಳುತ್ತಾರೆ. ಯುರೋಪಿಯನ್ ಒಕ್ಕೂಟ 2013ರಲ್ಲಿ ಮಾಡಿದ ನಿಯಮ ಒಂದು ಅಳತೆ ಕೊಡುತ್ತದೆ. 2017ರ ಸೆಪ್ಟೆಂಬರ್‌ನಿಂದ ಅಲ್ಲಿ ಮಾರುವ ಯಂತ್ರದ ಮೋಟಾರ್ ಕನಿಷ್ಠ 500 ಗಂಟೆ ಬಾಳಬೇಕು, ಹೋಸ್ 40,000 ಸಲ ಬಗ್ಗಿಸಿದರೂ ಕೆಲಸಕ್ಕೆ ಬರಬೇಕು. ವಾರಕ್ಕೆ ಒಂದು ಗಂಟೆ ಓಡಿಸಿದರೆ ವರ್ಷಕ್ಕೆ 52 ಗಂಟೆ, ಅಂದರೆ ಒಂಬತ್ತು ವರ್ಷಕ್ಕೂ ಜಾಸ್ತಿ. ಅದೂ ಗಾಳಿ ಸರಿಯಾಗಿ ಓಡಾಡಿದರೆ. ಕಾರ್ಬನ್ ಬ್ರಷ್ (ಮೋಟಾರ್‌ನ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಸಣ್ಣ ತುಂಡು, ರೋಲರ್‌ನ ಬ್ರಷ್ ಅಲ್ಲ) ಇರುವ ಮೋಟಾರ್‌ಗಳಲ್ಲಿ ಆ ಬ್ರಷ್ ಸವೆಯುವುದು ಸಹಜ, ಸವೆದಾಗ ಕಿಡಿ ಕಾಣುತ್ತದೆ, ಸುಟ್ಟ ವಾಸನೆ ಬರುತ್ತದೆ, ಮೋಟಾರ್ ಬಿಟ್ಟು ಬಿಟ್ಟು ಓಡುತ್ತದೆ. ಅಷ್ಟು ಹೊತ್ತಿಗೆ ತಂದರೆ ಬರೀ ಬ್ರಷ್ ಬದಲಾಯಿಸಿ ಕೊಡಬಹುದು. ಇನ್ನೂ ಓಡುತ್ತಿದೆಯಲ್ಲ ಅಂತ ಓಡಿಸಿದರೆ ಅದು ತಾಗುವ ತಾಮ್ರದ ಕಮ್ಯುಟೇಟರ್ ಸುಟ್ಟು, ಮೋಟಾರನ್ನೇ ಬದಲಾಯಿಸಬೇಕಾಗುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಮೋಟಾರ್ ಬಿಚ್ಚಲು ಬರದ ಹಾಗೆ ಸೀಲ್ ಮಾಡಿರುತ್ತಾರೆ, ಬಿಡಿಭಾಗವೂ ಸಿಗುವುದಿಲ್ಲ. ಅಂಥದ್ದು ಬಂದರೆ ಕೌಂಟರ್‌ನಲ್ಲೇ ಹೇಳಿ ವಾಪಸ್ ಕಳಿಸುತ್ತೇವೆ, ಸುಮ್ನೆ ಇಟ್ಟುಕೊಂಡು ಕಾಯಿಸುವುದಿಲ್ಲ.

ಹೊಸದು ಕೊಳ್ಳುವವರಿಗೆ ನಮ್ಮ ಅಭಿಪ್ರಾಯ ಬೇಕಾದರೆ: ವ್ಯಾಟ್ ನೋಡಬೇಡಿ. ವ್ಯಾಟ್ ಅಂದರೆ ಯಂತ್ರ ತಿನ್ನುವ ಕರೆಂಟು, ಎಳೆಯುವ ಕಸ ಅಲ್ಲ. ಅಂಗಡಿಯಲ್ಲೇ ಫಿಲ್ಟರ್ ಹೊರಗೆ ತೆಗೆದು ನೋಡಿ, ರೋಲರ್ ಬಿಚ್ಚಲು ಬರುತ್ತದಾ ನೋಡಿ. ಹಿಡಿಕೆ ಹಿಂದಕ್ಕೆ ಬಾಗಿಸಿದಾಗ ಕೆಳಗಿನ ಗಿಡ್ಡ ಹೋಸ್ ಮಡಚಿಕೊಳ್ಳುತ್ತದೆ, ಅಪ್‌ರೈಟ್‌ಗಳಲ್ಲಿ ಸೀಳುವ ಜಾಗಗಳಲ್ಲಿ ಅದೂ ಒಂದು. ಅದು ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ. ಇದಕ್ಕೆ ಉತ್ತರ ಕೊಡದವರ ವಾರಂಟಿ ಎಷ್ಟು ವರ್ಷದ್ದಾದರೂ ನಮಗೆ ನಂಬಿಕೆ ಕಮ್ಮಿ.

ಬಗ್ಗಲು, ತೊಳೆಯಲು ಕಷ್ಟ ಆಗುವವರು ಇದ್ದೀರಿ, ಕೈ ನಡುಗುವವರು ಇದ್ದೀರಿ. ಹೊಸ ಕ್ರಮದಿಂದ ನಿಮಗೆ ತೊಂದರೆ ಆಗಬಾರದು. ಕೊಳೆ ಫಿಲ್ಟರ್ ತಂದು ಕೊಟ್ಟು, ನಾವು ತೊಳೆದು ಒಣಗಿಸಿಟ್ಟ ಅದೇ ಮಾಡೆಲ್‌ನ ಫಿಲ್ಟರ್ ತೆಗೆದುಕೊಂಡು ಹೋಗಬಹುದು. ಯಾರ ಕೈಯಲ್ಲಾದರೂ ಕಳಿಸಿದರೂ ಸರಿ. ರೋಲರನ್ನೂ ಹಾಗೇ ಕೊಡಿ, ನಿಂತಲ್ಲೇ ಕೂದಲು ತೆಗೆದು ಕೊಡುತ್ತೇವೆ.

ಕಿಟ್ ಬೇಕಾದವರು ಯಂತ್ರದ ಹಿಂದೆಯೋ ಅಡಿಯಲ್ಲೋ ಇರುವ ಸ್ಟಿಕ್ಕರ್‌ನ ಫೋಟೋ ಕಳಿಸಿ. ಹೆಸರು ಒಂದೇ ಇದ್ದರೂ ಬೆಲ್ಟ್ ಬೇರೆ ಬೇರೆ ಇರುತ್ತದೆ, ಹಾಗಾಗಿ ಮಾಡೆಲ್ ನಂಬರ್ ಪೂರ್ತಿ ಕಾಣಬೇಕು. ಯಂತ್ರವನ್ನೇ ತರುವವರು ದಯವಿಟ್ಟು ಡಬ್ಬಿ ಖಾಲಿ ಮಾಡಿಕೊಂಡು ತನ್ನಿ.

ಇಂತಿ,
ನಿಮ್ಮ ರಿಪೇರಿ ಸಹಕಾರಿಯ ಸದಸ್ಯರು