ಅಪ್ಪನಿಗೆ, ಪುಟ್ಟಿಯ ಶಾಲೆಯ ವಿಷಯ

ಟಾಂಪೆರೆ, ಫಿನ್‌ಲೆಂಡ್
ಫೆಬ್ರವರಿ 10

ಅಪ್ಪ, ಅಮ್ಮನಿಗೆ ನಮಸ್ಕಾರಗಳು. ನಾವು ಮೂವರೂ ಚೆನ್ನಾಗಿದ್ದೇವೆ. ಚಳಿ ಇದೆ, ಆದರೆ ಮನೆಯೊಳಗೆ ಬೆಚ್ಚಗಿದೆ.

ಅಪ್ಪ, ನಿಮ್ಮ ಕಾಗದ ಮೂರು ಸಲ ಓದಿದೆ. ಏಳು ತುಂಬಿದ ಮಗು ಇನ್ನೂ ಒಂದನೇ ಕ್ಲಾಸು, ಮಗ್ಗಿ ಬರಲ್ಲ, ಏನು ಕಲಿತೆ ಅಂದರೆ ಚೆಂಡಾಟ ಅನ್ನುತ್ತಾಳೆ ಎಂದು ಬರೆದಿದ್ದೀರಿ. ಟ್ಯೂಷನ್‌ಗೆ ಹಾಕು, ಪೆನ್ಷನ್‌ನಲ್ಲಿ ಕಳಿಸುತ್ತೇನೆ ಅಂತಲೂ. ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ಅದು ನಿಮ್ಮ ಮಾತ್ರೆಯ ದುಡ್ಡು. ದಯವಿಟ್ಟು ಮುಟ್ಟಬೇಡಿ.

ಇಲ್ಲಿ ಎಲ್ಲ ಮಕ್ಕಳೂ ಒಂದನೇ ಕ್ಲಾಸಿಗೆ ಸೇರುವುದು ಏಳು ತುಂಬುವ ವರ್ಷವೇ. ಪುಟ್ಟಿ ಹಿಂದೆ ಬಿದ್ದಿಲ್ಲ. ಫೀಸು ಇಲ್ಲ, ಪುಸ್ತಕ, ಪೆನ್ಸಿಲ್ ಎಲ್ಲ ಶಾಲೆಯದ್ದೇ. ಅಮ್ಮ, ಮಧ್ಯಾಹ್ನದ ಊಟವೂ ಶಾಲೆಯಲ್ಲೇ, 1948ರಿಂದ ಎಲ್ಲ ಮಕ್ಕಳಿಗೂ ಪುಕ್ಕಟೆ.

ಆ ಚೆಂಡಾಟ ಏನು ಅಂತ ಹೇಳುತ್ತೇನೆ ಕೇಳಿ. ಹೋದ ವಾರ ಕ್ಲಾಸಿನಲ್ಲಿ ಹಿಂದೆ ಕೂತು ನೋಡಿದೆ. ಶೂ ಹೊರಗೆ ಬಿಟ್ಟು ಮಕ್ಕಳೆಲ್ಲ ಕಾಲುಚೀಲದಲ್ಲಿ ಓಡಾಡುತ್ತವೆ, ನೋಡಿ ಖುಷಿಯಾಯಿತು. ಟೀಚರ್ ಮೆತ್ತನೆಯ ಚೆಂಡು ಎಸೆದು "ಏಳು" ಅಂದರು. ಹಿಡಿದ ಹುಡುಗ "ಮೂರು" ಅಂದ. ಎರಡೂ ಸೇರಿ ಹತ್ತಾಗಬೇಕು. ಪುಟ್ಟಿಗೆ "ನಾಲ್ಕು" ಬಂತು. ಚೆಂಡು ಕೈಗೆ ಸಿಗುವ ಮುಂಚೆಯೇ "ಆರು" ಅಂದುಬಿಟ್ಟಳು!

ಆಮೇಲೆ ಕಡ್ಡಿ ಲೆಕ್ಕ. ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು, ಪಕ್ಕದಲ್ಲಿ ಮೂರು ಬಿಡಿ ಕಡ್ಡಿ. ಐದು ತೆಗೆಯಬೇಕು. ಪುಟ್ಟಿ ಮೂರು ತೆಗೆದಳು. ಇನ್ನೆರಡು ಎಲ್ಲಿ? ತುಂಬಾ ಹೊತ್ತು ಕಟ್ಟನ್ನೇ ನೋಡಿದಳು. ಟೀಚರ್ ಪಕ್ಕದಲ್ಲೇ ಇದ್ದರು, ಬಾಯಿ ಬಿಡಲಿಲ್ಲ. ನನಗೇ ಹೇಳಿಬಿಡೋಣ ಅನ್ನಿಸಿತು. ಕೊನೆಗೆ ಅವಳೇ ಬ್ಯಾಂಡ್ ಬಿಚ್ಚಿ, ಎರಡು ತೆಗೆದು, ಉಳಿದ ಎಂಟನ್ನು ಎಣಿಸಿದಳು. ನೀವು ನನಗೆ ಹತ್ತರ ಮನೆಯಿಂದ ಕಡ ತರಲು ಹೇಳಿಕೊಟ್ಟಿದ್ದೂ ಇದನ್ನೇ ಅಲ್ವಾ ಅಪ್ಪ? ಮಗ್ಗಿಯೂ ಬರುತ್ತದೆ. ಎರಡನೇ ಕ್ಲಾಸಿನಲ್ಲಿ 1ರಿಂದ 5ರವರೆಗೆ, ಜೊತೆಗೆ 10ರದ್ದು.

ಓದುವುದಂತೂ ನೀವೇ ನೋಡಬೇಕಿತ್ತು. ಇಲ್ಲಿನ ಫಿನ್ನಿಶ್ ಭಾಷೆಯೂ ನಮ್ಮ ಕನ್ನಡದ ಹಾಗೆ, ಹೇಳಿದಂತೆ ಬರೆಯುವುದು. ಹ್ರಸ್ವ, ದೀರ್ಘ, ಒತ್ತು ತಪ್ಪಿದರೆ ಅರ್ಥವೇ ಬೇರೆ. ತುಲಿ ಅಂದರೆ ಬೆಂಕಿ, ತೂಲಿ ಗಾಳಿ. ಕುಕ ಅಂದರೆ ಯಾರು, ಕುಕ್ಕ ಹೂವು. ಪಾಠದ ಪುಸ್ತಕದಲ್ಲೂ ಪದಗಳನ್ನು ಬಿಡಿಸಿ ಅಚ್ಚು ಹಾಕಿರುತ್ತಾರೆ. ಮಕ್ಕಳು ಒಂದೊಂದು ತುಂಡಿಗೂ ಚಪ್ಪಾಳೆ ತಟ್ಟಿ ಓದುತ್ತವೆ. ಆಗಸ್ಟ್‌ನಲ್ಲಿ ಸೇರಿದಾಗ ಹೆಸರಷ್ಟೇ ಬರೆಯುತ್ತಿದ್ದವಳು ಈಗ ಬಸ್ಸಿನ ಬೋರ್ಡೆಲ್ಲ ಓದುತ್ತಾಳೆ.

ಮುಕ್ಕಾಲು ಗಂಟೆ ಪಾಠ, ಕಾಲು ಗಂಟೆ ಹೊರಗೆ ಆಟ. ಹಿಮ ಬೀಳುತ್ತಿದ್ದರೂ ಅಷ್ಟೇ. ಅಮ್ಮ, ಗಾಬರಿಯಾಗಬೇಡ, ಟೋಪಿ, ಕೈಗವಸು, ದಪ್ಪ ಪ್ಯಾಂಟು ಎಲ್ಲ ಹಾಕಿಯೇ ಕಳಿಸುತ್ತೇನೆ. ಒಂದು ದಿನವೂ ನೆಗಡಿಯಾಗಿಲ್ಲ.

ಅಪ್ಪ, ನನಗಿರುವ ಚಿಂತೆ ಅವಳ ಕನ್ನಡದ್ದು. ಮಾತಾಡುತ್ತಾಳೆ, ಅಕ್ಷರ ಬರಲ್ಲ. ದುಡ್ಡು ಬೇಡ, ಭಾನುವಾರ ಅರ್ಧ ಗಂಟೆ ಫೋನಿನಲ್ಲಿ ಕಾಗುಣಿತ ಹೇಳಿಕೊಡಿ. ಚಪ್ಪಾಳೆ ತಟ್ಟಿಸಿಕೊಂಡು ಹೇಳಿಸಿ, ಬೇಗ ಹಿಡಿಯುತ್ತಾಳೆ. ನನಗೆ ಕಲಿಸಿದವರು ನೀವೇ, ಅವಳಿಗೂ ನೀವೇ ಆಗಬೇಕು ಅಂತ ನನ್ನ ಆಸೆ.

ಬಿಪಿ ನೋಡಿಸಿಕೊಳ್ಳಿ. ಮಾತ್ರೆ ಬಿಡಬೇಡಿ. ಪುಟ್ಟಿ ಬರುವ ಹೊತ್ತಾಯಿತು, ಬಾಗಿಲು ತೆಗೆಯಬೇಕು. ಉಳಿದದ್ದು ಫೋನಿನಲ್ಲಿ.

ಇಂತಿ ನಿಮ್ಮ ಮಗಳು